ಲಿಂಗದಹಳ್ಳಿಯ ಫೈಲು

"ಲಿಂಗದಹಳ್ಳಿ ಫೈಲ್ ತೆಗೀರಿ, ಊರಿನ ಹೆಸರು ಬದಲಾಯ್ಸಿ, ಎರಡು ಸೆಟ್ ಪ್ರಿಂಟ್ ಹಾಕಿ. ಸಂಜೆ ಬಂದು ಸೈನ್ ಮಾಡ್ತೀನಿ," ಎಂದು ಇಂಜಿನಿಯರ್ ಮಹೇಂದ್ರ ಮೊಬೈಲಿನಿಂದ ಕಣ್ಣೆತ್ತದೆಯೇ ಹೇಳಿದ.

ತರೀಕೆರೆ ಬಸ್ ನಿಲ್ದಾಣದ ಹತ್ತಿರದ ತನ್ನ ಜೆರಾಕ್ಸ್ ಅಂಗಡಿಯಲ್ಲಿ ಕೋಮಲಾ ಒಂಬತ್ತು ವರ್ಷದಿಂದ ಸರ್ಕಾರಿ ಕಟ್ಟಡಗಳ ಕಾಗದ ಟೈಪು ಮಾಡುತ್ತಿದ್ದಳು. ಗೋಡೆ ಎಷ್ಟು ದಪ್ಪ, ಸಿಮೆಂಟಿಗೆ ಮರಳೆಷ್ಟು, ಕಿಟಕಿಗೆ ಯಾವ ಬಣ್ಣ, ಎಲ್ಲ ಅದರಲ್ಲಿರಬೇಕು. ಬರೆಯಬೇಕಾದವನು ಮಹೇಂದ್ರ. ಅವನು ಬರೆದ ಒಂದು ಸಾಲನ್ನೂ ಅವಳು ಇದುವರೆಗೆ ಕಂಡಿರಲಿಲ್ಲ. ಹಳೆಯ ಫೈಲಿನ ಹೊಟ್ಟೆಯಿಂದಲೇ ಹೊಸ ಫೈಲು ಹುಟ್ಟುತ್ತಿತ್ತು. ಇವುಗಳ ಮೂಲ ಎಲ್ಲೋ ಕರಾವಳಿಯಲ್ಲಿರಬೇಕು. ಕಡೂರಿನ ಕಡೆಯ ಒಂದು ಹಾಸ್ಟೆಲಿನ ಕಿಟಕಿಗಳಿಗೆ ಸಮುದ್ರದ ಉಪ್ಪುಗಾಳಿ ತಡೆಯುವ ಬಣ್ಣ ಬಳಿಯಬೇಕೆಂದು ಕಾಗದ ಹೇಳಿತ್ತು. ಆ ಬಿಸಿಲಲ್ಲಿ ನಿಂತು ಬಳಿದೂ ಇದ್ದರು. ಆಗ ಕೋಮಲಾ ಅಂಗಡಿಯಲ್ಲಿ ಒಬ್ಬಳೇ ನಕ್ಕಿದ್ದಳು.

ಈ ಸಲ ನಗು ಬರಲಿಲ್ಲ. ಹೆಸರು ಹಾಕಬೇಕಾಗಿದ್ದದ್ದು ಅಜ್ಜಂಪುರದ ಆಚೆಗಿನ ಅವಳ ತವರೂರಿನದು. ಕಟ್ಟಬೇಕಾಗಿದ್ದದ್ದು ಅಂಗನವಾಡಿ. ಅಣ್ಣನ ಹೆಂಡತಿ ನಯನ ಅಲ್ಲಿ ಟೀಚರು. ಹಳೆಯ ಕಟ್ಟಡದ ಗೋಡೆ ಹನ್ನೊಂದೇ ವರ್ಷಕ್ಕೆ ಬಾಯಿಬಿಟ್ಟು, ಒಂದು ಮಧ್ಯಾಹ್ನ ಮಕ್ಕಳು ಹೊರಗೆ ಊಟಕ್ಕೆ ಕೂತಿದ್ದಾಗ ಬಾಗಿಲ ಮೇಲಿನ ತೊಲೆ ಕಳಚಿ ಬಿದ್ದಿತ್ತು. ಅವತ್ತು ಊಟ ಹತ್ತು ನಿಮಿಷ ತಡವಾಗಿದ್ದರೆ ಎಂದು ನಯನ ಇಂದಿಗೂ ಅರ್ಧಕ್ಕೆ ಮಾತು ನಿಲ್ಲಿಸುತ್ತಾಳೆ.

ಹನ್ನೆರಡನೆಯ ಪುಟದಲ್ಲಿ 'ನೆಲ: ಗಟ್ಟಿ ಗೊರಜು. ಪಾಯದ ಆಳ: ತೊಂಬತ್ತು ಸೆಂಟಿಮೀಟರ್' ಎಂದಿತ್ತು. ಅದು ಲಿಂಗದಹಳ್ಳಿಯ ಕಲ್ಲು ಬೆರೆತ ನೆಲ. ತವರಿನದು ಎರೆ. ಮಳೆಗೆ ಉಬ್ಬಿ, ಬೇಸಿಗೆಗೆ ತೋಳು ಇಳಿಯುವಷ್ಟು ಬಿರಿಯುವ ಮಣ್ಣು.

"ಸಾರ್, ಇದ್ರಲ್ಲಿ ಪಾಯ ಮೂರಡಿ ಅಂತಿದೆ. ನಮ್ಮೂರಲ್ಲಿ ಎರೆ ಸಾರ್. ಬಿರುಕೇ ನಾಲ್ಕಡಿ ಹೋಗ್ತದೆ. ಹಳೇ ಕಟ್ಟಡ ಕೆಟ್ಟಿದ್ದೂ ಅದ್ಕೇ."

ಮಹೇಂದ್ರ ಮೊದಲ ಸಲ ತಲೆಯೆತ್ತಿದ. "ತಾವು ಯಾವ ಕಾಲೇಜಲ್ಲಿ ಓದಿದ್ದು?"

"ಬೀರೂರಲ್ಲಿ ಸಾರ್. ಪಿಯುಸಿ."

"ಇಂಜಿನಿಯರಿಂಗ್ ಅಲ್ಲ ತಾನೆ? ಟೈಪ್ ಮಾಡಮ್ಮ." ಜೆರಾಕ್ಸಿಗೆ ಕಾದಿದ್ದ ಇಬ್ಬರು ನಕ್ಕರು. ಅವರು ನಕ್ಕಿದ್ದು ಅವನಿಗೆ ಹಿತವಾಗಿ ಕಂಡಿತು.

"ಜಾಗ ನೋಡಿದೀರಾ ಸಾರ್?"

"ಮ್ಯಾಪಲ್ಲಿ ನೋಡಿದೀನಿ. ಬಸ್ ಚಾರ್ಜ್ ನೀನು ಕೊಡ್ತೀಯಾ?"

ಅವನು ಹೋದ ಮೇಲೆ ಅವಳು ತವರೂರಿನ ಮೇಸ್ತ್ರಿ ದೇವೀರಪ್ಪನಿಗೆ ಫೋನು ಮಾಡಿದಳು. ಹಳೆಯದನ್ನು ಕಟ್ಟಿದವನು ಅವನೇ. ಈಗಿನ ಕೆಲಸವೂ ಅವನದೇ.

"ದೇವೀರಪ್ಪಣ್ಣ, ನಮ್ಮೆರೇಲಿ ಪಾಯ ಎಷ್ಟು ತೆಗೀಬೇಕು?"

"ಆರಡಿ ತಾಯಿ. ಬುಡಕ್ಕೂ ಪಕ್ಕಕ್ಕೂ ಮರಳು ತುಂಬ್ಬೇಕು. ಹಿಂದ್ಲದಕ್ಕೂ ಬಡ್ಕೊಂಡೆ. ಕಾಗ್ದದಾಗೆ ಮೂರೈತೆ, ಮುಚ್ಕೊಂಡು ಕಟ್ಟು ಅಂದ್ರು. ಕಾಗ್ದದಾಗೆ ಎಷ್ಟಿರ್ತದೋ ಅಷ್ಟು. ಹೆಚ್ಗೆ ಒಂದು ಗೇಣು ತೆಗೆದ್ರೂ ಬೈತಾರೆ."

"ಕಾಗ್ದದಲ್ಲಿ ಆರಿದ್ರೆ?"

"ಆರಿದ್ರೆ ಆರು. ಅದ್ರಾಗೇನೈತೆ?"

ನಕ್ಷೆಯಲ್ಲಿ ಪಾಯದ ಆಳಕ್ಕೆ 'ವಿವರಣೆಯಂತೆ' ಎಂದಷ್ಟೇ ಇತ್ತು. ಎಲ್ಲ ಊರಿಗೂ ಒಂದೇ ನಕ್ಷೆ ಸಾಕಾಗಲಿ ಎಂದು ಯಾರೋ ಮಾಡಿಟ್ಟ ಉಪಾಯ. ಕೋಮಲಾ ಹನ್ನೆರಡನೆಯ ಪುಟಕ್ಕೆ ಹಿಂತಿರುಗಿದಳು. ಗಟ್ಟಿ ಗೊರಜು ಅಳಿಸಿ ಎರೆ ಮಣ್ಣು ಎಂದಳು. ತೊಂಬತ್ತನ್ನು ನೂರೆಂಬತ್ತು ಮಾಡಿದಳು. ಮರಳಿನ ಸಾಲು ಸೇರಿಸಿದಳು. ಅಗೆತದ ಅಳತೆ ಹಿಗ್ಗಿತು, ಜೊತೆಗೆ ಖರ್ಚೂ. ಮಹೇಂದ್ರ ನೋಡುವುದು ಕೊನೆಯ ಪುಟದ ಮೊತ್ತ ಒಂದನ್ನೇ ಎಂಬುದು ಅವಳಿಗೆ ಗೊತ್ತಿತ್ತು. ಮುಂಗೋಡೆಗೆ ಅಂಟಿಸಬೇಕಿದ್ದ ಹೊಳೆಯುವ ಟೈಲ್ಸು, ಗೇಟಿನ ಮೇಲಿನ ಕಮಾನು, ಕಮಾನಿನ ಮೇಲಿನ ಎರಡು ಸಿಮೆಂಟಿನ ನವಿಲು, ಎಲ್ಲವನ್ನೂ ತೆಗೆದಳು. ಮೊತ್ತ ಹೆಚ್ಚುಕಡಿಮೆ ಹಳೆಯ ಜಾಗಕ್ಕೇ ಬಂದು ನಿಂತಿತು. ಮೂರು ಸಲ ಸೇವ್ ಒತ್ತಿದಳು.

ಸಂಜೆ ಮಹೇಂದ್ರ ಕಿವಿ ಮತ್ತು ಭುಜದ ನಡುವೆ ಫೋನು ಸಿಕ್ಕಿಸಿಕೊಂಡು, ಯಾರದೋ ಮನೆಯ ಹೋಳಿಗೆ ಊಟದ ಬಗ್ಗೆ ಮಾತಾಡುತ್ತ ಸಹಿ ಹಾಕತೊಡಗಿದ. ಕೊನೆಯ ಪುಟವನ್ನು ಮೊದಲು ನೋಡಿ ತಲೆಯಾಡಿಸಿದ್ದ. ಅವಳು ಪುಟ ತಿರುವುತ್ತಿದ್ದಳು, ಅವನ ಪೆನ್ನು ಓಡುತ್ತಿತ್ತು. ಹನ್ನೆರಡನೆಯ ಪುಟಕ್ಕೆ ಅವಳ ಕೈ ತಡೆಯಿತು. ಪೆನ್ನು ತಡೆಯಲಿಲ್ಲ.

"ತುಪ್ಪ ಮಾತ್ರ ಸರಿಯಿರ್ಲಿಲ್ಲ ಕಣಯ್ಯ," ಎನ್ನುತ್ತ ಅವನು ತೊಂಬತ್ತಾರನೆಯ ಪುಟ ಮುಗಿಸಿದ.

ಎರಡು ತಿಂಗಳ ಮೇಲೆ, ಜಿಲ್ಲೆಯಿಂದ ದೊಡ್ಡ ಸಾಹೇಬರು ಕೆಲಸ ನೋಡಲು ಬರುತ್ತಾರೆಂದು ನಯನ ಫೋನು ಮಾಡಿದಳು. ಕೋಮಲಾ ಅಂಗಡಿ ಮುಚ್ಚಿ ಅಜ್ಜಂಪುರದ ಬಸ್ಸು ಹತ್ತಿದಳು. ಮಹೇಂದ್ರ ಆ ನೆಲಕ್ಕೆ ಕಾಲಿಟ್ಟದ್ದೇ ಅವತ್ತು. ಸಾಹೇಬರಿಗಿಂತ ನಾಲ್ಕು ಹೆಜ್ಜೆ ಮುಂದೆ ಓಡಿ ಬಂದವನು ಗುಂಡಿ ನೋಡಿ ದಂಗಾದ.

"ಲೇ ಮೇಸ್ತ್ರಿ, ಬಾವಿ ತೆಗೀತಿದೀಯೇನೋ? ಯಾರೋ ನಿಂಗೆ ಹೇಳಿದ್ದು?"

ದೇವೀರಪ್ಪ ಕೈ ಒರೆಸಿಕೊಂಡು, ಗೊಬ್ಬರದ ಚೀಲದಲ್ಲಿ ಸುತ್ತಿಟ್ಟಿದ್ದ ಕಾಗದ ಬಿಚ್ಚಿದ. "ತಾವೇ ಸಾಮಿ. ಆರಡಿ. ಇಗಾ, ತಮ್ದೇ ಸೈನು."

ಸಾಹೇಬರು ಕಾಗದ ಈಸಿಕೊಂಡು ಓದಿದರು. ನಿಜವಾಗಿಯೂ ಓದಿದರು, ಸಾಲಿನ ಕೆಳಗೆ ಬೆರಳು ಜರುಗುತ್ತಿತ್ತು. "ಯಾರ್ರೀ ಇದನ್ನ ಬರೆದಿದ್ದು?"

ಮಹೇಂದ್ರನ ಕಣ್ಣು ಹೆಂಗಸರ ನಡುವೆ ನಿಂತಿದ್ದ ಕೋಮಲಳ ಮೇಲೆ ಬಿತ್ತು. ಅವಳು ನಯನಳ ಕೈ ಹಿಡಿದುಕೊಂಡಳು. ಇವಳು ಬರೆದದ್ದೆಂದರೆ ಓದದೆ ಸಹಿ ಹಾಕಿದ್ದು ತಾನೆಂದಾಗುತ್ತದೆ. ಆ ಲೆಕ್ಕ ಅವನ ಮುಖದ ಮೇಲೆ ನಿಧಾನವಾಗಿ ನಡೆಯಿತು.

"ನಾನೇ ಸಾರ್," ಎಂದ. "ಎರೆ ಮಣ್ಣಲ್ವಾ ಸಾರ್. ಖುದ್ದು ಬಂದು ನೋಡಿ ಹಾಕ್ಸಿದೆ."

"ಗುಡ್. ಉಳಿದೋರೆಲ್ಲ ಒಂದೇ ಫೈಲು ತಿರುವಿ ಹಾಕ್ತಾರೆ."

ಮಹೇಂದ್ರ ಎದೆ ಸ್ವಲ್ಪ ಮುಂದೆ ಮಾಡಿ ನಿಂತ. ಅವನಿಗೆ ನಾಚಿಕೆಯೂ ಆಗಲಿಲ್ಲ. ಎರೆಯ ಗುಣವನ್ನು ಸಾಹೇಬರಿಗೆ ವಿವರಿಸತೊಡಗಿದ. ಬಿರುಕು ನಾಲ್ಕಡಿ ಹೋಗುತ್ತದೆ ಎಂದ.

ಹೊರಡುವಾಗ ಮಾತ್ರ ಕೋಮಲಳ ಪಕ್ಕ ನಿಂತು ಹಲ್ಲು ಕಚ್ಚಿ ಹೇಳಿದ: "ನಾಳೆಯಿಂದ ಬೇರೆ ಅಂಗಡಿ ನೋಡ್ಕೋತೀನಿ."

"ಆಗ್ಲಿ ಸಾರ್. ಊರಿನ ಹೆಸರು ಬದಲಾಯ್ಸಕ್ಕೆ ಅವ್ರಿಗೂ ಬರ್ತದೆ."

ಜೀಪು ಹೋಯಿತು. ಮರಳಿನ ಟ್ರ್ಯಾಕ್ಟರು ಹಿಂದೆ ಹಿಂದೆ ಸರಿದು ಗುಂಡಿಯ ಅಂಚಿಗೆ ನಿಂತಿತು. ದೇವೀರಪ್ಪ ಏಣಿಯಲ್ಲಿ ಕೆಳಗಿಳಿದ. ಮೊದಲು ಅವನ ಸೊಂಟ, ಆಮೇಲೆ ಭುಜ, ಕೊನೆಗೆ ತಲೆಯ ಟವೆಲ್ಲೂ ಮರೆಯಾಯಿತು. ಕಪ್ಪು ಮಣ್ಣಿನೊಳಗಿನಿಂದ ದನಿ ಮಾತ್ರ ಬಂತು.

"ಈ ಮೂಲೆಯಿಂದ ಬಿಡ್ರೋ, ನಿಧಾನಕ್ಕೆ."