ಬರಾಕನ ಪಾಲಿನ ಡಬ್ಬಿ

ಹಂಸಾಳ ಉದ್ಯೋಗ ಎಂಥದ್ದು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ನೈರೋಬಿಯಲ್ಲಿ ಮಕ್ಕಳ ಆಹಾರ ತಯಾರಿಸುವ ಕಂಪನಿಯೊಂದರಲ್ಲಿ ರುಚಿ ನಿರ್ಧರಿಸುವ ವಿಭಾಗಕ್ಕೆ ಅವಳೇ ಹೆಡ್. ಆ ಕಂಪನಿ ಯುರೋಪಿನಲ್ಲಿ ಮಾರುವ ಡಬ್ಬಿಯಲ್ಲಿ ಸಕ್ಕರೆ ಇಲ್ಲ. ಅದೇ ಹೆಸರಿನ, ಅದೇ ಗುಂಡು ಮಗುವಿನ ಚಿತ್ರದ ಕೀನ್ಯಾ ಡಬ್ಬಿಯಲ್ಲಿ ಇದೆ. ಇಲ್ಲಿಯ ಮಕ್ಕಳಿಗೆ ಸಿಹಿ ಇಷ್ಟ ಎಂದು ಒಪ್ಪಿಗೆ ಕೊಟ್ಟವಳು ಇವಳು. ಆರು ತಿಂಗಳ ಕೂಸುಗಳ ಇಷ್ಟಕಷ್ಟ ಕೇಳಿಕೊಂಡು ಬಂದವರು ಯಾರೋ, ಆ ದೇವರಿಗೇ ಗೊತ್ತು.

ತನ್ನ ಮಗ ಹರ್ಷನಿಗೆ ಮಾತ್ರ ಅದನ್ನು ಮುಟ್ಟಿಸಿದವಳಲ್ಲ. ಅವನಿಗೆ ಮೈಸೂರಿನಿಂದ ತವರಿನವರು ಕಳಿಸಿದ ಮೊಳಕೆ ರಾಗಿಹಿಟ್ಟಿನ ಸರಿ. ಆಫೀಸಿನಿಂದ ಬಿಟ್ಟಿ ಬರುವ ಡಬ್ಬಿಗಳೆಲ್ಲ ಹರ್ಷನನ್ನು ನೋಡಿಕೊಳ್ಳುವ ಮೊರಾಳಿಗೆ. ಅವಳಿಗೂ ಅಷ್ಟೇ ವಯಸ್ಸಿನ ಮಗನಿದ್ದ, ಬರಾಕ. ಯಾರದ್ದೋ ದುಡ್ಡು ಎಲ್ಲಮ್ಮನ ಜಾತ್ರೆ. ಮೊರಾ ಎರಡೂ ಕೈಯೊಡ್ಡಿ ತನ್ನ ಸ್ವಾಹಿಲಿಯಲ್ಲಿ ‘ಅಸಾಂಟೆ’ ಎಂದು ಥ್ಯಾಂಕ್ಸ್ ಹೇಳಿದಾಗ ಹಂಸಾಳಿಗೆ ಪುಣ್ಯ ಬಂದಷ್ಟು ಸಂತೋಷವಾಗುತ್ತಿತ್ತು.

ಈಚೆಗೆ ಹರ್ಷ ಸರಿಯನ್ನು ಬಾಯಿಗಿಟ್ಟರೆ ಸಾಕು, ಉಗುಳುತ್ತಿದ್ದ.

“ರೀ, ವೆಯ್ಟ್ ಬೇರೆ ಇಳಿದಿದೆ. ಏನಾಗಿದೆ ಇವನಿಗೆ?” ಎಂದು ಹಂಸಾ ಗಂಡನನ್ನು ಕೇಳಿದಳು.

“ಹಲ್ಲು ಬರ್ತಿರ್ಬೇಕು ಬಿಡೇ,” ಎಂದ ಧನಂಜಯ್, ಫೋನಿನಿಂದ ತಲೆಯೆತ್ತದೆ.

ಒಂದು ಮಧ್ಯಾಹ್ನ ಮೀಟಿಂಗು ರದ್ದಾಗಿ ಹಂಸಾ ಪಾರ್ಕ್‌ಲ್ಯಾಂಡ್ಸಿನ ಫ್ಲಾಟಿಗೆ ಬೇಗ ಬಂದಳು. ಅಡುಗೆಮನೆಯಲ್ಲಿ ಹರ್ಷ ಮೊರಾಳ ತೊಡೆಯ ಮೇಲೆ ಕೂತು ಗಬಗಬನೆ ತಿನ್ನುತ್ತಿದ್ದ. ಪಕ್ಕದಲ್ಲಿ ಅದೇ ಗುಂಡು ಮಗುವಿನ ಡಬ್ಬಿ.

“ಅದನ್ನ ನಿನ್ನ ಮಗನಿಗೆ ಅಂತ ಕೊಟ್ಟಿದ್ದು. ಇವನಿಗ್ಯಾಕೆ ಕೊಟ್ಟೆ?”

“ದಿನಾ ಎರಡೆರಡು ಚಮಚ ಬರಾಕನ ಪಾಲಿಂದಲೇ ಕೊಡ್ತಿದ್ದೆ, ಮ್ಯಾಡಮ್. ಇವನು ಹಸಿದು ಅಳ್ತಿದ್ದ. ನನ್ನ ಮಗ ಇಷ್ಟು ಒಳ್ಳೇದು ತಿಂತಾನೆ, ಇವನಿಗಿಲ್ಲವಲ್ಲ ಅಂತ ಸಂಕಟ ಆಯ್ತು.”

“ಅದ್ರಲ್ಲಿ ಶುಗರ್ ಇದೆ ಮೊರಾ. ಇಷ್ಟು ಚಿಕ್ಕ ಮಕ್ಕಳಿಗೆ ಕೊಡಬಾರದು, ನಾಲಿಗೆ ಕೆಟ್ಟುಹೋಗುತ್ತೆ.”

ಸಿಟ್ಟಿನಲ್ಲಿ ಬಾಯಿ ಜಾರಿತ್ತು. ಮೊರಾಳ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು.

“ಬರಾಕನೂ ರಾಗಿ ಗಂಜಿ ಉಗುಳ್ತಾನೆ,” ಎಂದಳು ಮೆಲ್ಲಗೆ. “ಅವನಿಗೂ ಕೊಡಬಾರದಾ?”

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ಒಬ್ಬಳು, ಉಣ್ಣುವವು ಎರಡು ಹಸುಗೂಸು. ಹಂಸಾಳಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಹೌದು ಅಂದರೆ ಈ ಮಾತು ಕೆಳಮನೆಯ ಆಯಾಗಳಿಗೆ, ಅವರ ಚರ್ಚಿಗೆ, ಅಲ್ಲಿಂದ ಆಫೀಸಿಗೆ ಹೋಗುತ್ತದೆ. ಆಮೇಲೆ ಕೆಲಸ ಎಲ್ಲಿ, ಈ ಫ್ಲಾಟು ಎಲ್ಲಿ?

“ಬರಾಕನಿಗೆ ಏನೂ ಆಗಲ್ಲ,” ಎಂದಳು. “ಹರ್ಷನ ಹೊಟ್ಟೆ ಸೂಕ್ಷ್ಮ, ಅಷ್ಟೇ.”

ಮೊರಾ ನಂಬಿದಳು. ನಿಟ್ಟುಸಿರು ಬಿಟ್ಟು ಮುಚ್ಚಳ ಬಿಗಿದು ಡಬ್ಬಿಯನ್ನು ತನ್ನ ಚೀಲದೊಳಗೆ ಇಟ್ಟುಕೊಂಡಳು.

“ತಪ್ಪಾಯ್ತು ಮ್ಯಾಡಮ್. ಇನ್ನು ಮೇಲೆ ಎಲ್ಲಾ ಬರಾಕನಿಗೇ ಕೊಡ್ತೀನಿ.”