ರುಸ್ಮಿರನ ನೀರಿನ ಕಥೆ

"ಇಂಗ್ಲಿಷ್ ಬೇಡಪ್ಪಾ," ಎಂದರು ಸ್ಟಾಂಕೊ, ಕಾರಿನ ಹಿಂದಿನ ಸೀಟಿನಲ್ಲಿ ಮಂಡಿ ಮಡಚಿ ಕೂರಲು ಹೆಣಗುತ್ತ. "ಸ್ಲೊವೇನಿಯದೋರು, ಅರ್ಥ ಆಗಲ್ಲ ಅಂದ್ಕೋಬೇಡ. ಎಲ್ಲ ಒಂದೇ ದೇಶ ಆಗಿದ್ದಾಗ ನಾನು ಸೈನ್ಯದಲ್ಲಿದ್ದಿದ್ದೇ ಈ ಸರಾಯೆವೊದಲ್ಲಿ. ಹದಿನೈದು ತಿಂಗಳು ಇಲ್ಲಿ ಆಲೂಗಡ್ಡೆ ಸುಲಿದಿದೀನಿ. ನಿಮ್ಮ ಮಾತು ಇನ್ನೂ ನಾಲಿಗೆ ಮೇಲಿದೆ. ಅದರಲ್ಲೇ ಹೇಳು."

"ಅದೇ ವಾಸಿ," ಎಂದರು ಅವರ ಹೆಂಡತಿ ಮರ್ಯೆತಾ. "ಇಂಗ್ಲಿಷಲ್ಲಿ ಶುರು ಮಾಡಿದ್ರೆ ಇವರು ಮೊದಲನೇ ಸೇತುವೆ ದಾಟೋದ್ರೊಳಗೆ ಗೊರಕೆ ಹೊಡೀತಾರೆ."

ಮುಂದಿನ ಸೀಟಿನಲ್ಲಿದ್ದ ನೆರ್ಮಿನ್ ಗಕ್ಕನೆ ಹಿಂದಕ್ಕೆ ತಿರುಗಿದ. ಪಕ್ಕದಲ್ಲಿ ಸ್ಟಿಯರಿಂಗ್ ಹಿಡಿದಿದ್ದ ರುಸ್ಮಿರ್ ಮಾತ್ರ ಗಹಗಹಿಸಿ ನಕ್ಕ.

"ಅಬ್ಬಾ! ಮೂರು ವರ್ಷ ಆದ್ಮೇಲೆ ಇವತ್ತು ನನಗೂ ಅರ್ಥ ಆಗತ್ತೆ. ಇವನು ಏನೇನು ಬುರುಡೆ ಬಿಡ್ತಾನೋ ಕೇಳೋಣ."

ಪಾಪ, ತಮಾಷೆಗೆ ಅಂದ ಮಾತು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನ ಸ್ಥಿತಿ ನೆರ್ಮಿನನದು. ಅವನು ಸೀಟ್ ಬೆಲ್ಟಿನ ಕೊಂಡಿಯನ್ನು ಎರಡು ಸಲ ಬಿಚ್ಚಿ ಎರಡು ಸಲ ಹಾಕಿಕೊಂಡ.

ನೆರ್ಮಿನ್ ಪ್ರವಾಸಿಗರಿಗೆ ಊರು ತೋರಿಸುವವನು. ಎರಡು ಗಂಟೆಯ ಖಾಸಗಿ ಸುತ್ತು. ಒಂದು ಸಲಕ್ಕೆ ಒಂದೇ ಕುಟುಂಬ. ಕಾರು ರುಸ್ಮಿರನದು, ಮಾತು ನೆರ್ಮಿನನದು. ಜರ್ಮನ್ ಮತ್ತು ಇಂಗ್ಲಿಷ್ ಅವನಿಗೆ ನೀರು ಕುಡಿದಷ್ಟು ಸಲೀಸು. ರುಸ್ಮಿರನಿಗೆ ಎರಡೂ ಬಾರವು. ಊರಿನ ಮಾತೇ ಆಡುವ ಜಾಗ್ರೆಬಿನವರೋ ಬೆಲ್‌ಗ್ರೇಡಿನವರೋ ಕೇಳಿಕೊಂಡು ಬಂದರೆ ನೆರ್ಮಿನ್ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ, ಇಲ್ಲವೇ ಕಾರು ಬೇಡವೆಂದು ನಡೆಸಿಕೊಂಡೇ ಹೋಗುತ್ತಿದ್ದ. ಈ ಸ್ಲೊವೇನಿಯದ ಮುದುಕರು ಇಂಗ್ಲಿಷಿನಲ್ಲಿ ಪತ್ರ ಬರೆದು ಅವನನ್ನು ಬಲೆಗೆ ಕೆಡವಿದ್ದರು.

ತಪ್ಪಿಸಿಕೊಳ್ಳಬೇಕಾದದ್ದು ಯಾಕೆಂದರೆ, ಈ ಊರಿನಲ್ಲಿ ಮನುಷ್ಯರದು ಎರಡೇ ಜಾತಿ. ತೊಂಬತ್ತರ ದಶಕದ ಯುದ್ಧದಲ್ಲಿ ಊರು ಮುತ್ತಿಗೆಗೆ ಸಿಕ್ಕಿದ್ದ ಕಾಲದಲ್ಲಿ ಉಳಿದವರು, ಬಿಟ್ಟು ಹೋದವರು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಯಾರೂ ಮರೆಯುವುದೂ ಇಲ್ಲ. ನೆರ್ಮಿನ್ ಮತ್ತು ರುಸ್ಮಿರ್ ಒಂದೇ ಕಟ್ಟಡದ ಹುಡುಗರು, ಒಂದೇ ಬೆಂಚಿನಲ್ಲಿ ಕೂತು ಓದಿದವರು. ಯುದ್ಧ ಶುರುವಾದ ವರ್ಷವೇ ನೆರ್ಮಿನನ ತಾಯಿ ಅವನ ಕೈಹಿಡಿದು ಬಸ್ಸು ಹತ್ತಿಸಿದಳು. ಅವನು ಜರ್ಮನಿಯ ಉಲ್ಮ್ ಪಟ್ಟಣದಲ್ಲಿ ಬಿಸಿ ನೀರಿನ ಸ್ನಾನ ಮಾಡಿಕೊಂಡು, ಸೈಕಲ್ ತುಳಿದುಕೊಂಡು ದೊಡ್ಡವನಾದ. ರುಸ್ಮಿರ್ ಇಲ್ಲೇ ಉಳಿದ. ನೀರು ಹೊತ್ತ.

ಒಂದು ಮಧ್ಯಾಹ್ನ ಕಾಫಿ ಅಂಗಡಿಯಲ್ಲಿ, ಸಕ್ಕರೆಯ ಉಂಡೆಯನ್ನು ಕಾಫಿಗೆ ಅದ್ದುತ್ತ, ರುಸ್ಮಿರ್ ಆ ನೀರಿನ ಕಥೆ ಹೇಳಿದ್ದ. ಒಂದೇ ಸಲ ಹೇಳಿದ್ದು. "ಇದನ್ನ ಪ್ರವಾಸಿಗರಿಗೆ ಹೇಳ್ಲಾ?" ಎಂದು ನೆರ್ಮಿನ್ ಕೇಳಿದ್ದಕ್ಕೆ, "ಹೇಳು ಮಾರಾಯ, ನಮ್ಮಂಥೋರ ಕಥೇನೂ ಯಾರಾದ್ರೂ ಕೇಳ್ಲಿ," ಎಂದಿದ್ದ.

ಮೊದಲ ಸಲ ನೆರ್ಮಿನ್ ಸರಿಯಾಗಿಯೇ ಹೇಳಿದ. "ನನ್ನ ಗೆಳೆಯನೊಬ್ಬ ಇದ್ದಾನೆ" ಎಂದು ಶುರುಮಾಡಿದ. ಕೇಳುತ್ತಿದ್ದ ಗಂಡಹೆಂಡಿರ ಕಣ್ಣು ಎಲ್ಲೆಲ್ಲೋ ಓಡಾಡಿತು. ಗಂಡ ಗೋಡೆಯ ಫೋಟೊ ತೆಗೆದ. ಎರಡನೆಯ ಸಲ ಅವನ ನಾಲಿಗೆ "ನಾನು" ಎಂದಿತು. ಕೇಳುತ್ತಿದ್ದ ಹೆಂಗಸು ಬಿಕ್ಕಿ ಬಿಕ್ಕಿ ಅತ್ತು ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಂದಿನಿಂದ ಅವನು "ನಾನು" ಬಿಡಲಿಲ್ಲ. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಎನ್ನುತ್ತಾರಲ್ಲ, ಇವನು ದಾನವನ್ನೂ ಮಾಡದೆ ತಾನೇ ತೊಟ್ಟುಕೊಂಡು ತಿರುಗಿದ.

ಕಾರು ಮಿಲ್ಯಾಟ್ಸ್ಕಾ ನದಿಯ ದಂಡೆಗುಂಟ ಹೊರಟಿತು. ನೆರ್ಮಿನ್ ಎಂದೂ ಇಲ್ಲದಷ್ಟು ಮಾತಾಡಿದ. ಸೇತುವೆಗಳ ವಯಸ್ಸು ಹೇಳಿದ, ಸುಟ್ಟು ಮತ್ತೆ ಕಟ್ಟಿದ ಪುರಭವನದ ಕಿಟಕಿ ತೋರಿಸಿದ, ಗುಡ್ಡದ ಮೇಲಿನ ಹಳದಿ ಕೋಟೆಗೆ ಕರೆದೊಯ್ದು ಹೆಂಚಿನ ಮಾಡುಗಳನ್ನೂ ಬಿಳಿ ಗೋರಿಕಲ್ಲುಗಳನ್ನೂ ತೋರಿಸುತ್ತ ಅರ್ಧ ಗಂಟೆ ಕಳೆದ. ಸ್ಟಾಂಕೊ ತಾನು ಆಲೂಗಡ್ಡೆ ಸುಲಿದ ಬ್ಯಾರಕ್ ಎಲ್ಲಿ ಎಂದು ಹುಡುಕಿದರು. ರುಸ್ಮಿರ್ ಖುಷಿಯಲ್ಲಿದ್ದ. ನಡುನಡುವೆ "ಓಹೋ, ಇದು ನನಗೂ ಗೊತ್ತಿರ್ಲಿಲ್ಲ" ಎನ್ನುತ್ತ ತಾನೂ ಪ್ರವಾಸಿಯ ಹಾಗೆ ಕೇಳುತ್ತಿದ್ದ. ಆ ಖುಷಿಯನ್ನು ನೋಡಿದಷ್ಟೂ ನೆರ್ಮಿನ್ ಮತ್ತೆ ಮತ್ತೆ ಗಡಿಯಾರ ನೋಡಿಕೊಂಡ.

"ಸಮಯ ಆಗ್ತಾ ಬಂತು," ಎಂದ ಕೊನೆಗೆ, ಕಾರು ಹತ್ತಿದ ಮೇಲೆ. "ಇಲ್ಲಿಂದ ನೇರ ಪೇಟೆಗೆ ಇಳಿದ್ಬಿಡೋಣ. ಕೆಂಡದ ಮೇಲೆ ಸುಟ್ಟ ಮಾಂಸದ ಬಿಸಿಬಿಸಿ ಚೆವಾಪಿ ತಿನ್ನೋರಂತೆ."

"ಚೆವಾಪಿ ಎಲ್ಲಿಗೂ ಓಡಿ ಹೋಗಲ್ಲ," ಎಂದರು ಮರ್ಯೆತಾ. "ಆ ನೀರಿನ ಜಾಗ ಎಲ್ಲಿ? ಬಿಯರ್ ಕಾರ್ಖಾನೆ ಹತ್ರದ್ದು? ನಾವು ಬಂದಿರೋದೇ ಅದಕ್ಕೆ. ನನ್ನ ಗೆಳತಿ ಇಂಗ್ರಿಡ್ ಅಂತ, ಆಸ್ಟ್ರಿಯದೋಳು, ಹೋದ ವರ್ಷ ನಿಮ್ಮ ಜೊತೆನೇ ಸುತ್ತಿದ್ಳಂತೆ. ಆ ತಳ್ಳುಗಾಡಿ ಕಥೆ ಹೇಳಿ ಹೇಳಿ ನಮ್ಮನ್ನೆಲ್ಲ ಅಳಿಸಿಬಿಟ್ಳು."

ರುಸ್ಮಿರ್ ಕನ್ನಡಿಯಲ್ಲಿ ಅವರನ್ನು ನೋಡಿದ. ಅವನ ಮುಖ ಕಿವಿಯವರೆಗೂ ಕೆಂಪಾಯಿತು.

"ಆಸ್ಟ್ರಿಯದವರೆಗೂ ಹೋಗಿದೆಯಾ ಆ ಕಥೆ?" ಎಂದ ಮೆಲ್ಲಗೆ.

"ಹೋಗಿದೆ ಕಣಪ್ಪಾ. ಅಲ್ಲಿಂದ ನಮ್ಮೂರಿಗೂ ಬಂದಿದೆ."

"ಆ ರಸ್ತೆ ಅಗೆದಿದಾರೆ ಇವತ್ತು," ಎಂದ ನೆರ್ಮಿನ್.

"ಯಾವನೋ ಅಗೆದಿರೋನು? ಬೆಳಗ್ಗೆ ಅಲ್ಲಿಂದ್ಲೇ ಬಂದೆ," ಎಂದು ರುಸ್ಮಿರ್ ಆಗಲೇ ಕಾರು ತಿರುಗಿಸಿದ್ದ.

ಕಾರ್ಖಾನೆಯ ಕೆಂಪು ಗೋಡೆಯ ಬಳಿ ಕಾರು ನಿಂತಿತು. ರುಸ್ಮಿರ್ ಎಂದಿನಂತೆ ತಾನೂ ಇಳಿದ. ಬೇರೆ ಯಾವ ಜಾಗದಲ್ಲೂ ಅವನು ಇಳಿಯುತ್ತಿರಲಿಲ್ಲ. ಸಿಗರೇಟು ಸೇದುತ್ತ ಒಳಗೇ ಕೂತಿರುತ್ತಿದ್ದ. ಇಲ್ಲಿ ಮಾತ್ರ ಇಳಿದು, ಜಾಕೆಟ್ಟಿನ ಗುಂಡಿ ಹಾಕಿಕೊಂಡು, ಟೋಪಿ ಕೈಗೆ ತೆಗೆದುಕೊಂಡು ಕಾರಿನ ಬಾಗಿಲ ಪಕ್ಕ ನೆಟ್ಟಗೆ ನಿಲ್ಲುತ್ತಿದ್ದ. ಇಲ್ಲಿ ನೀರಿನ ಸಾಲಿನಲ್ಲಿ ಸತ್ತವರಿಗೆ ಮರ್ಯಾದೆ ಕೊಡುತ್ತಾನೆ ಎಂದುಕೊಂಡಿದ್ದ ನೆರ್ಮಿನ್. ಇಂದೂ ಅವನು ಹಾಗೆಯೇ ನಿಂತ.

ಮರ್ಯೆತಾ ನೆರ್ಮಿನನ ತೋಳು ಹಿಡಿದುಕೊಂಡರು. "ನಿನ್ನ ಬಾಯಿಂದ್ಲೇ ಕೇಳ್ಬೇಕು ಮಗನೇ. ಇಷ್ಟುದ್ದದ ಹುಡುಗ ನೀನು, ಚಳೀಲಿ ತಳ್ಳುಗಾಡಿ ತಳ್ಕೊಂಡು… ನಿನ್ನ ಆ ಪುಟ್ಟ ತಂಗಿ ಹೆಸರೇನು?"

ರುಸ್ಮಿರ್ ಮೊದಲು ಆ ಹೆಂಗಸನ್ನು ನೋಡಿದ, ಆಮೇಲೆ ನೆರ್ಮಿನನನ್ನು ನೋಡಿದ. ಅವರಿಗೆ ಏನೋ ತಪ್ಪು ತಿಳಿವಳಿಕೆಯಾಗಿದೆ, ಇವನು ಈಗ ತಿದ್ದುತ್ತಾನೆ ಎಂಬ ನಂಬಿಕೆ ಆ ನೋಟದಲ್ಲಿತ್ತು.

ಒಂದು ಮಾತು ಸಾಕಿತ್ತು. "ನಾನಲ್ಲಮ್ಮಾ, ಇವನು" ಎಂದರೆ ಮುಗಿಯುತ್ತಿತ್ತು. ನೆರ್ಮಿನ್ ಬಾಯಿ ತೆರೆದ. ಇವನು ಎಂದರೆ, ಹಾಗಾದರೆ ನೀನೆಲ್ಲಿದ್ದೆ ಎಂದು ಕೇಳುತ್ತಾರೆ. ಉಲ್ಮಿನಲ್ಲಿ ಸೈಕಲ್ ತುಳಿಯುತ್ತಿದ್ದೆ ಎನ್ನಬೇಕಾಗುತ್ತದೆ. ಇಂಗ್ರಿಡ್‌ಗೂ ಅದು ಮುಟ್ಟುತ್ತದೆ.

"ಅಮ್ರಾ," ಎಂದ.

ಅದು ರುಸ್ಮಿರನ ತಂಗಿಯ ಹೆಸರು. ಇಷ್ಟು ವರ್ಷ "ತಂಗಿ" ಎಂದಷ್ಟೇ ಹೇಳುತ್ತಿದ್ದವನು, ಇಂದು ಅವಳ ಅಣ್ಣನ ಎದುರಿಗೇ ಅವಳ ಹೆಸರನ್ನೂ ತೆಗೆದುಕೊಂಡ. ರುಸ್ಮಿರನತ್ತ ತಿರುಗಲು ಅವನಿಗೆ ಧೈರ್ಯ ಬರಲಿಲ್ಲ. ನೆಲ ನೋಡುತ್ತ, ಬಾಯಿಪಾಠದ ಕಥೆಯನ್ನು ಒಪ್ಪಿಸಿದ.

"ಆಗ ನನಗೆ ಹದಿಮೂರು, ಅವಳಿಗೆ ಏಳು. ಮನೆ ನಲ್ಲೀಲಿ ನೀರಿರ್ಲಿಲ್ಲ, ಇಡೀ ಊರು ಈ ಕಾರ್ಖಾನೆ ಬುಗ್ಗೆಯ ನಲ್ಲಿಗೇ ಬರ್ತಿತ್ತು. ಅವಳು ಚಿಕ್ಕೋಳಿದ್ದಾಗ ಕೂರಿಸ್ತಿದ್ದ ತಳ್ಳುಗಾಡೀಲೇ ನೀರಿನ ಕ್ಯಾನು ಇಟ್ಕೊಂಡು ಬರ್ತಿದ್ವಿ. ಅವತ್ತು ನಾಲ್ಕು ಗಂಟೆ ಸಾಲಲ್ಲಿ ನಿಂತು ನೀರು ತುಂಬ್ಕೊಂಡ್ವಿ. ಅವಳು ಗಾಡಿ ತಿರುಗಿಸೋಕೆ ಹೋಗಿ ಮಗುಚಿಬಿಟ್ಳು. ನೀರೆಲ್ಲ ಚೆಲ್ಲಿಹೋಯ್ತು. ಮತ್ತೆ ಸಾಲಿನ ಕೊನೆಗೆ ಹೋಗ್ಬೇಕು. ಅವಳು ಅಳೋಕೆ ಶುರುಮಾಡಿದ್ಳು. ನಾನು ಅವಳನ್ನ ಎತ್ಕೊಂಡು, ಸಮಾಧಾನ ಮಾಡ್ತಾ ಆ ಗೋಡೆ ಹಿಂದಕ್ಕೆ ಹೋದೆ. ಆಗ ಷೆಲ್ ಬಿತ್ತು. ನಲ್ಲಿ ಹತ್ರಾನೇ. ನಾವು ನಿಂತಿದ್ದ ಜಾಗದಲ್ಲೇ."

ಮರ್ಯೆತಾ ಕರವಸ್ತ್ರ ತೆಗೆದರು. ಸ್ಟಾಂಕೊ ಕೆಮ್ಮಿದರು.

"ಇವನು ಒಂದು ಮಾತು ಬಿಟ್ಟ ಅಮ್ಮಾ," ಎಂದ ರುಸ್ಮಿರ್.

ಮುಗಿಯಿತು ಎಂದುಕೊಂಡ ನೆರ್ಮಿನ್. ಮುಗಿದರೆ ಸಾಕು ಎಂದೂ ಅನ್ನಿಸಿತು.

"ನೀನೂ ಇದ್ದೆಯೇನಪ್ಪ ಅವತ್ತು?" ಎಂದರು ಮರ್ಯೆತಾ.

"ಇದ್ದೆ. ಪಕ್ಕದಲ್ಲೇ ಇದ್ದೆ." ರುಸ್ಮಿರನ ದನಿ ಏರಲಿಲ್ಲ, ಇಳಿಯಲಿಲ್ಲ. "ನೀರು ಚೆಲ್ಲಿದಾಗ ಇವನು ತಂಗೀನ ಎತ್ಕೊಳ್ಳಲಿಲ್ಲ. ಕೆನ್ನೆಗೆ ಬಾರಿಸಿದ. ಎಲ್ಲರ ಮುಂದೆ, ಎರಡು ಸಲ. ಮೂಗಲ್ಲಿ ರಕ್ತ ಬಂತು ಮಗೂಗೆ. ಇನ್ನೂ ಹೊಡೀತಾನೆ ಅಂತ ಹೆದರಿ ಗೋಡೆ ಹಿಂದಕ್ಕೆ ಓಡ್ತು. ಇವನು ಬೈಕೊಂಡು ಹಿಂದೆ ಓಡಿದ. ಆಗ ಬಿತ್ತು. ನೀನು ಹೊಡೆದಿದ್ದಕ್ಕೇ ಅವಳು ಬದುಕಿದ್ದು ಅಂತ ಜನ ಇವನಿಗೆ ಹೇಳ್ತಾರೆ. ಇವನಿಗೆ ಆ ಹೊಡೆತ ಒಂದೇ ನೆನಪಿರೋದು. ಅದನ್ನ ಹೇಳ್ಕೊಳ್ಳೋಕೆ ನಾಚ್ಕೆ ಇವನಿಗೆ. ಅಲ್ವೇನೋ?"

ಕಾಫಿ ಅಂಗಡಿಯಲ್ಲಿ ರುಸ್ಮಿರ್ ಇದನ್ನೂ ಹೇಳಿದ್ದ. ನೆರ್ಮಿನನಿಗೆ ಆ ಭಾಗ ಬೇಕಾಗಿರಲಿಲ್ಲ. ಪ್ರವಾಸಿಗರು ಕೈ ಹಿಡಿದುಕೊಳ್ಳುವಂಥ ಹುಡುಗ ತಂಗಿಗೆ ಹೊಡೆಯಬಾರದಲ್ಲ! ಕಥೆಯ ಕೆನೆಯನ್ನಷ್ಟೇ ತಾನು ತೆಗೆದುಕೊಂಡು ಕಹಿಯನ್ನು ಅವನಿಗೇ ಬಿಟ್ಟಿದ್ದ. ಈಗ ಅವನು ಅದನ್ನೂ ತಂದು ಕೊಡುತ್ತಿದ್ದಾನೆ: ತಗೋ, ಪೂರ್ತಿ ತಗೋ.

"ಅಲ್ವೇನೋ?" ಎಂದ ರುಸ್ಮಿರ್ ಮತ್ತೊಮ್ಮೆ.

"ಹೌದು," ಎಂದ ನೆರ್ಮಿನ್. "ಹೊಡೆದೆ."

ಮರ್ಯೆತಾ ಕರವಸ್ತ್ರ ಮಡಚಿದರು. "ಅವಳು ನಿನ್ನ ಕ್ಷಮಿಸಿದಾಳಾ ಮಗನೇ?"

ನೆರ್ಮಿನನಿಗೆ ತಂಗಿಯೇ ಇಲ್ಲ. ಅವನು ಮೊದಲ ಸಲ ತಲೆಯೆತ್ತಿ ರುಸ್ಮಿರನನ್ನು ನೋಡಿದ. ರುಸ್ಮಿರನೂ ಅವನನ್ನೇ ನೋಡುತ್ತಿದ್ದ, ಉತ್ತರ ತನಗೂ ಬೇಕು ಎನ್ನುವ ಹಾಗೆ.

"ಗೊತ್ತಿಲ್ಲಮ್ಮಾ. ಕೇಳಿಲ್ಲ."

"ಕೇಳಪ್ಪಾ. ಇನ್ನೂ ಯಾವಾಗ ಕೇಳ್ತೀಯ?" ಎಂದು ಆಕೆ ಅವನ ತಲೆ ಸವರಿದರು. ಆ ಕೈಯ ಕೆಳಗೆ ನಿಂತಿದ್ದಾಗ, ಈ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ನೆರ್ಮಿನನಿಗೆ.

ಹೋಟೆಲಿನ ಮುಂದೆ ಇಳಿಯುವಾಗ ಸ್ಟಾಂಕೊ ಅವನನ್ನು ತಬ್ಬಿಕೊಂಡರು. ರುಸ್ಮಿರನಿಗೆ "ಗಾಡಿ ಚೆನ್ನಾಗಿ ಓಡಿಸ್ತೀಯಪ್ಪ" ಎಂದರು.

ಇಬ್ಬರೇ ಉಳಿದರು. ರುಸ್ಮಿರ್ ಕಾರು ಶುರುಮಾಡಲಿಲ್ಲ.

"ಯಾವತ್ತಿಂದ?" ಎಂದ.

"ಮೊದಲನೇ ವಾರದಿಂದ. ಒಂದ್ಸಲ ನಿನ್ನ ಕಥೆ ಅಂತಾನೇ ಹೇಳಿದ್ದೆ ಕಣೋ. ಅವರು ಕಿವಿಗೇ ಹಾಕ್ಕೊಳ್ಳಲಿಲ್ಲ. ತಪ್ಪಾಯ್ತು. ಬೈಯೋ. ನಾಲ್ಕು ಬಾರಿಸು."

"ಹೊಡೆದು ಒಂದ್ಸಲ ಅನುಭವಿಸಿದೀನಲ್ಲ, ಸಾಕು." ರುಸ್ಮಿರ್ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಚನ್ನು ಸರಿಮಾಡುತ್ತಿದ್ದ. "ನಾನು ಅಲ್ಲಿ ಇಳಿದು ನಿಂತ್ಕೋತಿದ್ನಲ್ಲ ಮಾರಾಯ. ಮೂರು ವರ್ಷ. ನೀನು ನನ್ನ ಕಥೆ ಹೇಳ್ತಿದೀಯ, ಅವರು ತಿರುಗಿ ನೋಡಿದಾಗ ಕೊಳಕಾಗಿ ಕಾಣಬಾರದು ಅಂತ ಗುಂಡಿ ಹಾಕ್ಕೋತಿದ್ದೆ. ಒಬ್ಬರೂ ನನ್ನ ಕಡೆ ನೋಡ್ತಿರ್ಲಿಲ್ಲ. ಪಾಪ, ದುಃಖಕ್ಕೆ ಮುಖ ನೋಡೋಕಾಗಲ್ಲ ಇವರಿಗೆ ಅಂದ್ಕೋತಿದ್ದೆ. ಅಮ್ರಾಗೂ ಹೇಳಿದ್ದೆ. ನಿನ್ನ ಸುದ್ದಿ ಕೇಳಿ ಜರ್ಮನಿಯೋರೆಲ್ಲ ಅಳ್ತಾರೆ ಕಣೇ ಅಂತ."

ನೆರ್ಮಿನನಿಗೆ ಅಳು ಬಂತು. ಅಳುವ ಹಕ್ಕೂ ತನಗಿಲ್ಲ ಅನ್ನಿಸಿ ಕಿಟಕಿಯ ಕಡೆ ಮುಖ ತಿರುಗಿಸಿದ.

"ನಾಳೆ ಎಷ್ಟೊತ್ತಿಗೆ?" ಎಂದ ರುಸ್ಮಿರ್, ಬೀಗದ ಕೈ ತಿರುಗಿಸುತ್ತ.

"ಹತ್ತು ಗಂಟೆಗೆ. ಜರ್ಮನಿಯೋರು."

ಮರುದಿನ ಬಂದವರು ಬ್ರೆಮೆನ್ ಪಟ್ಟಣದ ಅಕ್ಕತಂಗಿಯರು, ಇಬ್ಬರೂ ನರ್ಸುಗಳು. ರುಸ್ಮಿರ್ ಹೊತ್ತಿಗೆ ಸರಿಯಾಗಿ ಬಂದ, ಬಾಗಿಲು ತೆರೆದುಕೊಟ್ಟ, ಹೇಳಿದ ಕಡೆ ನಿಲ್ಲಿಸಿದ. ಕೆಂಪು ಗೋಡೆಯ ಬಳಿಯೂ ನಿಲ್ಲಿಸಿದ. ಇಳಿಯಲಿಲ್ಲ. ಜಾಕೆಟ್ಟಿನ ಗುಂಡಿ ಬಿಚ್ಚಿಯೇ ಇತ್ತು. ಸಿಗರೇಟು ಹಚ್ಚಿಕೊಂಡು ರಸ್ತೆಯ ಆಚೆ ಬದಿಯನ್ನು ನೋಡುತ್ತ ಕೂತ.

ನೆರ್ಮಿನ್ ಜರ್ಮನ್ ಭಾಷೆಯಲ್ಲಿ ಶುರುಮಾಡಿದ. "ಈ ಕಥೆ ನನ್ನದಲ್ಲ," ಎಂದ. "ಕಾರಿನಲ್ಲಿ ಕೂತಿದ್ದಾನಲ್ಲ, ಅವನದು. ಆಗ ನಾನು ಇಲ್ಲಿರಲಿಲ್ಲ. ನಿಮ್ಮ ದೇಶದಲ್ಲಿದ್ದೆ, ಸುಖವಾಗಿದ್ದೆ." ಮೂರು ವರ್ಷ ನಾಲಿಗೆಗೆ ಬಾರದಿದ್ದ ಮಾತು, ಇಂದು ತಡೆಯಿಲ್ಲದೆ ಬಂತು. ತಳ್ಳುಗಾಡಿ, ಚೆಲ್ಲಿದ ನೀರು, ಗೋಡೆ, ಷೆಲ್ ಎಲ್ಲವನ್ನೂ ಹೇಳಿದ. ಹುಡುಗ ತಂಗಿಯನ್ನು ಎತ್ತಿಕೊಂಡ ಎನ್ನಲಿಲ್ಲ. ಹೊಡೆದ ಎಂದೂ ಹೇಳಲಿಲ್ಲ. ಆ ಹೊಡೆತ ರುಸ್ಮಿರನದು, ಹೇಳಿದರೆ ಅವನೇ ಹೇಳಬೇಕು.

ಈ ಸಲ ಕೇಳುವವರ ಕಣ್ಣು ಆಚೀಚೆ ಓಡಾಡಲಿಲ್ಲ. ಇಬ್ಬರೂ ತಿರುಗಿ ಕಾರಿನ ಕಡೆ ನೋಡಿದರು. ಅಕ್ಕ ಕಣ್ಣೊರೆಸಿಕೊಂಡು, ನೆರ್ಮಿನನನ್ನು ದಾಟಿ ನೇರ ಕಾರಿನ ಬಳಿ ಹೋದಳು. ತೆರೆದ ಕಿಟಕಿಯೊಳಕ್ಕೆ ತನ್ನ ಎರಡೂ ಕೈ ಚಾಚಿ ಏನೋ ಹೇಳಿದಳು. ಅದು ಜರ್ಮನ್. ರುಸ್ಮಿರನಿಗೆ ಒಂದಕ್ಷರ ತಿಳಿಯಲಿಲ್ಲ.

ನಿನ್ನೆಯವರೆಗಿನ ಹಾಗೆ ಇಂದೂ ನೆರ್ಮಿನ್ "ನಾನು" ಎಂದೇ ಹೇಳಿರಬೇಕು ಎಂದುಕೊಂಡ ಅವನು. ಅವಳ ಮುಖವನ್ನೂ ನೋಡದೆ, ಸಿಗರೇಟು ಹಿಡಿದ ಕೈಯ ಹೆಬ್ಬೆರಳಿನಿಂದ ಹಿಂದೆ ನಿಂತಿದ್ದ ನೆರ್ಮಿನನನ್ನು ತೋರಿಸಿದ.