‘ನಡೆಯುತ್ತಿದೆ’ ಎಂಬ ಸಾಲು

ಸೊಸೆಯ ಕಾಲಿಗೆ ಚಕ್ರ ಕಟ್ಟಿದೆ ಎಂದು ಅತ್ತೆ ಅನ್ನುವುದು ಸುಳ್ಳಲ್ಲ. ಗಂಡನನ್ನು ಆಪರೇಷನ್ ಕೋಣೆಯೊಳಗೆ ಕರೆದುಕೊಂಡು ಹೋದ ಮೇಲೆ ಅವಳು ಅತ್ತೆಯ ಜೊತೆ ಹೊರಗಿನ ಬೆಂಚಿನ ಮೇಲೆ ಮುಳ್ಳಿನ ಮೇಲೆ ಕೂತಂತೆ ಕೂತಿದ್ದಳು. “ನಾನು ಕಣ್ಣು ಬಿಟ್ಟಾಗ ನೀನು ಎದುರಿಗಿರ್ಬೇಕು” ಎಂದು ಅವನು ಕೇಳಿದ್ದು ಅದೊಂದೇ. “ಇರ್ತೀನಿ” ಎಂದು ಮಾತು ಕೊಟ್ಟವಳು ಸ್ವಲ್ಪ ಹೊತ್ತಿಗೇ ಕೆಳಗಿನ ಮಹಡಿಗೆ ಓಡಿದಳು.

ಅದೇ ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಅವಳ ಕೆಲಸ. ಯಾವ ರೋಗಿ ಯಾವ ಹಂತದಲ್ಲಿದ್ದಾರೆ ಎಂದು ನರ್ಸುಗಳು ದಾಖಲಿಸಿದ್ದೆಲ್ಲ ಒಂದು ಫೈಲಿಗೆ ಬಂದು ಬೀಳುತ್ತದೆ. ಅದನ್ನು ಎಡಿಟರ್ ತಂತ್ರಾಂಶದಲ್ಲಿ ತೆರೆದಿಟ್ಟುಕೊಂಡು, ಸಾಲು ಬದಲಾದ ಕೂಡಲೇ ಮೇಲಕ್ಕೆ ಓಡಿದರಾಯಿತು. ಬೆಂಚಿನ ಮೇಲೆ ಒದ್ದಾಡುವುದಕ್ಕಿಂತ ಇದೇ ವಾಸಿ ಎಂದುಕೊಂಡಳು ಮಹಾರಾಯ್ತಿ.

ಗಂಡನ ಹೆಸರಿನ ಮುಂದೆ ‘ನಡೆಯುತ್ತಿದೆ’ ಎಂದಿತ್ತು. ಮನಸ್ಸು ನಿಲ್ಲಲಿಲ್ಲ. ಬೇರೊಂದು ಫೈಲ್ ತೆರೆದು ಎರಡು ಸಾಲು ತಿದ್ದಿದಳು, ಇನ್ನೊಂದಕ್ಕೆ ಹಾರಿದಳು. ಮೌಸ್ ಮುಟ್ಟುವ ಗೋಜೇ ಇಲ್ಲ. ತೆರೆದಿಟ್ಟ ಪ್ರತಿ ಫೈಲಿಗೂ ಎಡಿಟರಿನಲ್ಲಿ ಒಂದೊಂದು ಬಫರ್; ಎರಡು ಕೀ ಒತ್ತಿದರೆ ಹಿಂದಿನ ಬಫರ್, ಹೆಸರಿನ ಮೊದಲಕ್ಷರ ಹೊಡೆದರೆ ಬೇಕಾದ ಬಫರ್. ಎಲ್ಲಿಗೆ ಹಾರಿದರೂ ಕೊನೆಗೆ ಆ ಫೈಲಿಗೇ ವಾಪಸ್ಸು. ಮತ್ತೆ ‘ನಡೆಯುತ್ತಿದೆ’. ಇಷ್ಟು ಹೊತ್ತೇ? ಒಳಗೆ ಏನೋ ಎಡವಟ್ಟಾಗಿದೆ.

ತಡೆಯಲಾರದೆ ಆ ಸಾಲಿನ ಮೇಲೇ ಕರ್ಸರ್ ಇಟ್ಟು ಯಾವುದೋ ಕೀ ಒತ್ತಿಬಿಟ್ಟಳು. ಎಡಿಟರ್ ಕೇಳಿತು: ‘ಈ ಫೈಲ್ ಡಿಸ್ಕಿನಲ್ಲಿ ಬದಲಾಗಿದೆ. ಮತ್ತೆ ಓದಬೇಕೇ?’

ಬಫರ್ ಅಂದರೆ ತೆರೆದ ಹೊತ್ತಿನ ನಕಲು, ನಾವು ಕೇಳದೆ ಅದು ಹೊಸದಾಗುವುದಿಲ್ಲ ಎಂದು ಕೆಲಸಕ್ಕೆ ಸೇರಿದ ಹೊಸಬರಿಗೆಲ್ಲ ಪಾಠ ಹೇಳುವವಳು ಇವಳೇ! ಹೌದು ಎಂದು ಒತ್ತಿದಳು. ‘ಮುಗಿದಿದೆ. ವಾರ್ಡಿಗೆ ಕಳಿಸಲಾಗಿದೆ.’

ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಓಡಿದಳು. ವಾರ್ಡಿನಲ್ಲಿ ಅತ್ತೆ ಮಗನ ಕೈ ಹಿಡಿದು ಕೂತಿದ್ದರು.

“ಎಲ್ಲಿ ಹಾಳಾಗ್ಹೋಗಿದ್ದೆ? ಫೋನೂ ನನ್ನ ಹತ್ರಾನೇ ಬಿಟ್ಟು!” ಅತ್ತೆಯ ಪಿಸುಮಾತೂ ಬೈಗುಳದಂತೆಯೇ ಇತ್ತು. “ಕಣ್ಣು ಬಿಟ್ಟ. ಮಂಪರಲ್ಲಿ ನಿನ್ನನ್ನೇ ಕೇಳ್ದ. ಇಲ್ಲೇ ಇದಾಳಪ್ಪ ಅಂತ ನಾನೇ ಕೈ ಹಿಡ್ಕೊಂಡೆ. ನೀನೇ ಅಂದ್ಕೊಂಡು ಮಲಗಿದಾನೆ. ಬಾ, ಸದ್ದು ಮಾಡ್ದೆ ಕೂತ್ಕೋ.”

ಅತ್ತೆ ಮೆಲ್ಲಗೆ ಕೈ ಬಿಡಿಸಿಕೊಂಡರು. ಆ ಜಾಗದಲ್ಲಿ ಅವಳು ತನ್ನ ಕೈಯಿಟ್ಟಳು. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

ಗಂಡ ಕಣ್ಣು ತೆರೆಯಲಿಲ್ಲ. ಬೆರಳುಗಳನ್ನು ಮಾತ್ರ ಬಿಗಿಯಾಗಿ ಹಿಡಿದು, “ಈಗ ಬಂದ್ಯಾ?” ಎಂದ.